ಈ ಚೀಲ ಯಾರದು?

ಒಂದು ಮಧ್ಯಾಹ್ನ ಆಸ್ಪತ್ರೆಯೊಂದರಿಂದ ನಮ್ಮ ಘಟಕಕ್ಕೆ ರಕ್ತಕಣಗಳ ಚೀಲ ಬಂತು. ಚೀಲದ ಮೇಲೆ ‘ಎಂ. ಮಂಜುನಾಥ’ ಅಂತಿತ್ತು. ಜೊತೆಗಿದ್ದ ಕಾಗದದಲ್ಲಿ ‘ಮಂಜುನಾಥ ಎಂ.’. ನಮ್ಮ ಸಾಫ್ಟ್‌ವೇರ್ ಕೇಳುತ್ತಿದ್ದದ್ದು ಮೊದಲ ಹೆಸರು, ಕೊನೆಯ ಹೆಸರು. ನಮ್ಮ ಕಡೆ ಎಷ್ಟೋ ಜನಕ್ಕೆ ಇರೋದು ಒಂದು ಹೆಸರು, ಒಂದು ಇನಿಷಿಯಲ್, ಅಷ್ಟೇ ಅಲ್ವಾ? ಸ್ಕ್ರೀನ್ ಕೆಂಪಗಾಗಿ ಕೆಲಸ ನಿಂತಿತು. ಆಸ್ಪತ್ರೆಗೆ ಫೋನ್ ಮಾಡಿ, ಹುಟ್ಟಿದ ದಿನಾಂಕ, ದಾಖಲಾತಿ ನಂಬರ್ ಎಲ್ಲ ತಾಳೆ ನೋಡುವಷ್ಟರಲ್ಲಿ ಎರಡು ಗಂಟೆ ಹೋಯಿತು. ನಿಂತಿದ್ದಕ್ಕೆ ನನಗೆ ಬೇಜಾರಿಲ್ಲ. ಅನುಮಾನ ಬಂದ ಮೇಲೆ ನಿಲ್ಲಲೇಬೇಕು.

ನಾನು ಕಾರ್-ಟಿ ಅನ್ನುವ ಕ್ಯಾನ್ಸರ್ ಚಿಕಿತ್ಸೆ ತಯಾರಿಸುವ ಕಡೆ ಗುಣಮಟ್ಟ ನೋಡಿಕೊಳ್ಳುವವನು. ಮಾತ್ರೆಯಾದರೆ ಒಂದು ಬ್ಯಾಚಿನಲ್ಲಿ ಲಕ್ಷಗಟ್ಟಲೆ ತೆಗೆಯಬಹುದು. ನಮ್ಮಲ್ಲಿ ಒಬ್ಬ ರೋಗಿಗೆ ಒಂದು ಬ್ಯಾಚ್. ಅವರದೇ ರಕ್ತದಿಂದ ಟಿ ಜೀವಕೋಶ, ಅಂದರೆ ರೋಗದ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ, ಆರಿಸುತ್ತೇವೆ. ತನ್ನಂತೆ ತಾನು ಹೆಚ್ಚದ ಹಾಗೆ ಮಾಡಿದ ವೈರಸ್ ಮೂಲಕ ಅದಕ್ಕೊಂದು ಹೊಸ ಜೀನ್ ಸೇರಿಸುತ್ತೇವೆ. ಕ್ಯಾನ್ಸರ್ ಕಣವನ್ನು ಗುರುತು ಹಿಡಿಯುವುದನ್ನು ಕಲಿಸುವುದು ಆ ಜೀನ್. ಆಮೇಲೆ ಸುಮಾರು ಒಂದು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ ಬೆಳೆಸಿ, ತೊಳೆದು, ಫ್ರೀಜ್ ಮಾಡಿ ಅದೇ ರೋಗಿಗೆ ವಾಪಸ್ ಕಳಿಸುತ್ತೇವೆ. ಅಮೆರಿಕದಲ್ಲಿ ಮೊದಲ ಕಾರ್-ಟಿಗೆ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ. ನಮ್ಮ ದೇಶದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕೂಡಿ ಬೆಳೆಸಿದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ. ಬೆಂಗಳೂರಿನ ಕಂಪನಿ ಇಮ್ಯುನೀಲ್‌ನ ಚಿಕಿತ್ಸೆ 2025ರಲ್ಲಿ ಬಂತು.

ಆಟೊಮೇಷನ್ ಅಂದ ಕೂಡಲೇ ಎಲ್ಲರಿಗೂ ಯಂತ್ರ ನೆನಪಾಗುತ್ತದೆ. ಕ್ಲಿನಿಮ್ಯಾಕ್ಸ್ ಪ್ರಾಡಿಜಿ, ಕೊಕೂನ್ ಥರದ ಯಂತ್ರಗಳು ನಿಜಕ್ಕೂ ದೊಡ್ಡ ಉಪಕಾರ ಮಾಡಿವೆ. ಮುಚ್ಚಿದ ಟ್ಯೂಬುಗಳೊಳಗೇ ಆರಿಸುವುದು, ಬೆಳೆಸುವುದು, ತೊಳೆಯುವುದು ನಡೆದರೆ ಗಾಳಿಯ ಸೋಂಕಿನ ಭಯ ಕಮ್ಮಿ. ಆದರೆ ನನ್ನ ಅನುಭವದಲ್ಲಿ ದಿನಗಳನ್ನು ತಿನ್ನುವುದು ಕಾಗದ. ಒಬ್ಬ ರೋಗಿಗೆ ನೂರಾರು ಪುಟದ ಬ್ಯಾಚ್ ರೆಕಾರ್ಡ್, ಅಂದರೆ ತಯಾರಿಯ ಪ್ರತಿ ಹೆಜ್ಜೆಯನ್ನೂ ಬರೆದಿಡುವ ದಾಖಲೆ. ಒಮ್ಮೆ ಜೀವಕೋಶಗಳ ಲೆಕ್ಕದಲ್ಲಿ ಒಂದು ಅಂಕಿ 1 ಅಂತಲೋ 7 ಅಂತಲೋ ತಿಳಿಯಲಿಲ್ಲ. ಬರೆದವರು ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗಿ ಮಲಗಿದ್ದರು. ಅರ್ಧ ದಿನ ಕಾದೆವು. ಆ ಕಡೆ ರೋಗಿ ವಾರ್ಡಿನಲ್ಲಿ ಕಾಯುತ್ತಿದ್ದರು.

ಎಲೆಕ್ಟ್ರಾನಿಕ್ ಬ್ಯಾಚ್ ರೆಕಾರ್ಡ್ ಬಂದ ಮೇಲೆ ಜೀವಕೋಶ ಎಣಿಸುವ ಯಂತ್ರದಿಂದ ಅಂಕಿ ನೇರವಾಗಿ ಬರುತ್ತದೆ. ಯಾರು, ಯಾವಾಗ, ಯಾಕೆ ತಿದ್ದಿದರು ಅನ್ನೋದು ಅಳಿಸದೆ ಉಳಿಯುತ್ತದೆ. ನಾನು ಎಲ್ಲ ಪುಟ ಓದದೆ, ಮಿತಿ ದಾಟಿದ ಜಾಗಗಳ ಮೇಲೆ ಗಮನ ಇಡಬಹುದು. ಹಾಗಂತ ಹಳೆಯ ಫಾರಂಗಳನ್ನೇ ಹಾಗೇ ಟ್ಯಾಬ್ಲೆಟ್‌ಗೆ ಸುರಿದರೆ ಪ್ರಯೋಜನವಿಲ್ಲ. ಎರಡು ಜೊತೆ ಗ್ಲೌಸ್ ಹಾಕಿಕೊಂಡ ಬೆರಳಿಗೆ ಸ್ಕ್ರೀನ್ ಎಷ್ಟೋ ಸಲ ಓಗೊಡುವುದೇ ಇಲ್ಲ. ಟ್ಯಾಬ್ಲೆಟ್ ಕೊಳ್ಳುವ ಮೊದಲು ಅದನ್ನು ಧೂಳು, ಸೂಕ್ಷ್ಮಾಣು ಬರದ ಹಾಗೆ ಕಾಯುವ ಕ್ಲೀನ್‌ರೂಮಿನೊಳಗೆ ಒಂದು ದಿನ ಇಟ್ಟು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮಂಜುನಾಥರ ಪ್ರಕರಣ ಆದ ಮೇಲೆ ಹೆಸರನ್ನು ನೆಚ್ಚುವುದು ಬಿಟ್ಟೆವು. ನೋಂದಣಿಯ ದಿನವೇ ಒಂದು ಸಂಖ್ಯೆ ಕೊಟ್ಟು, ಅದರ ಬಾರ್‌ಕೋಡನ್ನು ಮೊದಲ ಚೀಲದಿಂದ ಕೊನೆಯ ಚೀಲದವರೆಗೂ ಅಂಟಿಸುತ್ತೇವೆ. ಪ್ರತಿ ಹೆಜ್ಜೆಯಲ್ಲೂ ಸ್ಕ್ಯಾನ್. ತಾಳೆಯಾಗದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ಇದರಲ್ಲೂ ಒಂದು ಕಿಂಡಿ ಉಳಿದಿದೆ. ಮೈನಸ್ 150 ಡಿಗ್ರಿಗಿಂತ ತಣ್ಣಗಿರುವ ಸಾರಜನಕದ ಡಬ್ಬಿಯಿಂದ ಚೀಲ ಹೊರಗೆ ಬಂದ ಕೂಡಲೇ ಲೇಬಲ್ ಮೇಲೆ ಹಿಮ ಕೂರುತ್ತದೆ. ಸ್ಕ್ಯಾನರ್‌ಗೆ ಕಾಣುವುದಿಲ್ಲ. ಒರೆಸುತ್ತಾ ಕೂರಲು ಪುರುಸೊತ್ತಿಲ್ಲ, ಚೀಲ ಬೆಚ್ಚಗಾದರೆ ಕೋಶಗಳು ಸಾಯಬಹುದು. ಆಗ ಯಾರಾದರೂ ಸಂಖ್ಯೆಯನ್ನು ಕೈಯಲ್ಲಿ ಟೈಪ್ ಮಾಡುತ್ತಾರೆ. ಇಷ್ಟೆಲ್ಲ ಮಾಡಿ ತಪ್ಪು ನುಸುಳುವುದು ಅಲ್ಲೇ. ಅದಕ್ಕೇ ಕೈಯಲ್ಲಿ ಹಾಕಿದ ಸಂಖ್ಯೆಯನ್ನು ಇನ್ನೊಬ್ಬರು ನೋಡಿ ಸಹಿ ಹಾಕದೆ ಸಿಸ್ಟಮ್ ಒಪ್ಪದಂತೆ ಮಾಡಿದ್ದೇವೆ.

ಇನ್ನು ಬೆಳೆಸಿದ್ದು ಸಾಕು ಅಂತ ಕೋಶಗಳನ್ನು ಯಂತ್ರದಿಂದ ಯಾವತ್ತು ಹೊರತೆಗೆಯಬೇಕು ಅನ್ನುವ ನಿರ್ಧಾರ. ತುಂಬಾ ಕೀಮೋ ಆದವರ ಕೋಶಗಳು ಎಷ್ಟೋ ಸಲ ನಿಧಾನಕ್ಕೆ ಬೆಳೆಯುತ್ತವೆ. ಎಷ್ಟು ಬೆಳೆದಿವೆ ಅಂತ ಸ್ಕ್ರೀನ್ ಗ್ರಾಫ್ ತೋರಿಸಲಿ, ತೀರ್ಮಾನ ಮನುಷ್ಯರೇ ಮಾಡಲಿ.

ಹಾಸಿಗೆಯ ಪಕ್ಕದಲ್ಲಿ, ಚೀಲ ನೇತುಹಾಕುವ ಮುಂಚೆ, ಇಬ್ಬರು ನರ್ಸ್‌ಗಳು ಸಂಖ್ಯೆಯನ್ನು ಜೋರಾಗಿ ಓದಿ ರೋಗಿಯ ಕೈಪಟ್ಟಿಯ ಜೊತೆ ತಾಳೆ ನೋಡುತ್ತಾರೆ. ಸ್ಕ್ಯಾನರ್ ಬಂತಲ್ಲ, ಇದನ್ನು ತೆಗೆಯೋಣವೇ ಅಂತ ಮೊನ್ನೆ ಒಬ್ಬರು ಕೇಳಿದರು. ಬೇಡ ಅಂದೆ.