ಯಾರು ಮಾಡಿದ್ದು ಅಂತ ಹೇಳದ ಮಾತು

1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಲೋಕಸಭಾ ಉಪಚುನಾವಣೆಯನ್ನು ಇಡೀ ದೇಶ ನೋಡುತ್ತಿತ್ತು. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಗೆ ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟಿದ್ದರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲ್. ಇಂದಿರಾ 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ಆ ಅಂತರ ಈಗ ಯಾರಿಗೂ ನೆನಪಿಲ್ಲ, ನೆನಪಿರುವುದು ಘೋಷಣೆ: ‘ಏಕ್ ಶೇರ್ನಿ, ಸೌ ಲಂಗೂರ್, ಚಿಕ್ಕಮಗಳೂರ್, ಚಿಕ್ಕಮಗಳೂರ್’. ಒಂದು ಹೆಣ್ಣು ಸಿಂಹ, ನೂರು ಮುಸುವ. ಇದರಲ್ಲಿ ವಾದ ಏನಿದೆ? ಏನೂ ಇಲ್ಲ. ಪ್ರಾಸ ಇದೆ ಅಷ್ಟೆ.

ಪ್ರಾಸಕ್ಕೆ ಅದರದ್ದೇ ಒಂದು ಬಲ ಇದೆ. 2000ದಲ್ಲಿ ಮ್ಯಾಥ್ಯೂ ಮೆಕ್‌ಗ್ಲೋನ್ ಮತ್ತು ಜೆಸಿಕಾ ತೊಫಿಗ್‌ಬಕ್ಷ್ ಎಂಬ ಸಂಶೋಧಕರು ಒಂದಷ್ಟು ಗಾದೆಯಂಥ ಮಾತುಗಳನ್ನು ಎರಡು ರೀತಿ ಬರೆದು ಓದಲು ಕೊಟ್ಟರು. ಒಂದರಲ್ಲಿ ಪ್ರಾಸ, ಇನ್ನೊಂದರಲ್ಲಿ ಇಲ್ಲ, ಅರ್ಥ ಮಾತ್ರ ಒಂದೇ. ಪ್ರಾಸ ಇದ್ದದ್ದೇ ಜನರಿಗೆ ಜಾಸ್ತಿ ನಿಜ ಅನ್ನಿಸಿತು. ಪ್ರಾಸ ಇದ್ದರೆ ಮಾತು ನಿಜವಾಗುತ್ತಾ ಅಂತ ನೇರವಾಗಿ ಕೇಳಿದರೆ ‘ಛೇ, ಇಲ್ಲಪ್ಪ’ ಅಂದವರೂ ಅವರೇ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಅಂದರೆ ನಾವೆಲ್ಲ ತಲೆಯಾಡಿಸುತ್ತೇವೆ. ಅದನ್ನೇ ‘ಹಿತಮಿತವಾಗಿ ತಿನ್ನುವವರು ಕಾಯಿಲೆ ಬೀಳುವುದೇ ಇಲ್ಲ’ ಅಂತ ಹೇಳಿ ನೋಡಿ. ಹಾಗಂತ ಯಾವ ಡಾಕ್ಟರ್ ಹೇಳಿದ್ದು ಅಂತ ಯಾರಾದರೂ ಕೇಳೇ ಕೇಳುತ್ತಾರೆ.

ಹಾಗಂತ ಘೋಷಣೆಯಿಂದಲೇ ಚುನಾವಣೆ ಗೆಲ್ಲಬಹುದಾ? ನನಗೆ ನಂಬಿಕೆ ಇಲ್ಲ. ಅಮೆರಿಕದಲ್ಲಿ ನಿಜವಾದ ಮತದಾರರ ನಡುವೆಯೇ ನಡೆದ 49 ಪ್ರಯೋಗಗಳನ್ನು ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ 2018ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಸಾರ್ವತ್ರಿಕ ಚುನಾವಣೆಯಲ್ಲಿ ಮನೆಬಾಗಿಲಿನ ಪ್ರಚಾರ, ಫೋನು, ಜಾಹೀರಾತು ಇವುಗಳಿಂದ ಅಭ್ಯರ್ಥಿಯ ಆಯ್ಕೆ ಬದಲಾಗುವುದು ಸರಾಸರಿ ಹೆಚ್ಚುಕಡಿಮೆ ಸೊನ್ನೆ ಅಂತ ಅವರ ಲೆಕ್ಕ. ಅಲ್ಲಿನ ಲೆಕ್ಕ ಮಲೆನಾಡಿಗೆ ಹಾಗೇ ಒಪ್ಪಬೇಕು ಅಂತೇನಿಲ್ಲ. ಆದರೂ 1978ರಲ್ಲಿ ಇಲ್ಲಿ ದೇವರಾಜ ಅರಸರ ಸರ್ಕಾರ ಇತ್ತು, 1974ರ ಭೂಸುಧಾರಣೆ ತಿದ್ದುಪಡಿ ಬಿಸಿಬಿಸಿಯಾಗಿತ್ತು. ಗೇಣಿ ಜಮೀನಿಗೆ ಒಡೆಯರಾದ ಮನೆಯವರಿಗೆ ಸಿಂಹದ ಹಿಂದಿ ಪ್ರಾಸ ಬೇಕಿತ್ತಾ?

ಮಾತು ಕೆಲಸ ಮಾಡುವುದು ಕೂಗುವ ಕಡೆ ಅಲ್ಲ, ನಾವು ಕಿವಿಗೊಡದ ಕಡೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಜರಿದಾಗ ಬರುವ ಹೇಳಿಕೆಗಳ ಧಾಟಿ ನಿಮಗೂ ಗೊತ್ತು. ‘ಗುಡ್ಡ ಕುಸಿದಿದೆ. ಸಂಚಾರ ಬಂದ್ ಮಾಡಲಾಗಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಮೂರು ವಾಕ್ಯ, ಒಂದರಲ್ಲೂ ಮನುಷ್ಯನಿಲ್ಲ. ಗುಡ್ಡವನ್ನು ನೆಟ್ಟಗೆ ಕಡಿದವರು ಯಾರು, ಕ್ರಮ ಕೈಗೊಳ್ಳುವವರು ಯಾರು, ಯಾರ ಮೇಲೆ, ಯಾವತ್ತು? ಅದೇ ರಸ್ತೆಗೆ ಟೇಪು ಕತ್ತರಿಸುವ ದಿನ ನೋಡಿ, ‘ನಾನು ಮಾಡಿಸಿದೆ, ನಾನು ಹಣ ತಂದೆ’ ಅಂತ ಪ್ರತಿ ವಾಕ್ಯಕ್ಕೂ ಒಬ್ಬ ‘ನಾನು’ ಬಂದು ಕೂರುತ್ತಾನೆ! ಮನೆಯಲ್ಲಿ ಮಕ್ಕಳಿಗೂ ಈ ವಿದ್ಯೆ ಗೊತ್ತು. ಲೋಟ ಯಾವಾಗಲೂ ತಾನಾಗಿಯೇ ‘ಬೀಳುತ್ತೆ’, ಯಾರೂ ಬೀಳಿಸುವುದಿಲ್ಲ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಕೇಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್ಸ್ಕಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೋಟೆಲೊಂದರ ಸಣ್ಣ ಬೆಂಕಿಯ ಕಥೆ ಬರುತ್ತದೆ. ಊಟಕ್ಕೆ ಬಂದ ಮಹಿಳೆಯಿಂದ ಮೇಣದಬತ್ತಿ ಉರುಳಿ ಟೇಬಲ್ ಬಟ್ಟೆಗೆ ಬೆಂಕಿ ಹತ್ತಿ 1,500 ಡಾಲರ್ ನಷ್ಟವಾಯಿತು. ಅರ್ಧ ಜನರಿಗೆ ‘ಆಕೆ ಉರುಳಿಸಿದಳು’ ಎಂಬ ಧಾಟಿಯ ವರದಿ, ಉಳಿದವರಿಗೆ ‘ಉರುಳಿತು’ ಎಂಬ ಧಾಟಿಯದು. ಆಕೆ ಎಷ್ಟು ತೆರಬೇಕು ಅಂತ ಕೇಳಿದಾಗ ‘ಉರುಳಿಸಿದಳು’ ಓದಿದವರು ಸುಮಾರು 36% ಜಾಸ್ತಿ ಹೇಳಿದರು. ಇನ್ನೊಂದು ಪ್ರಯೋಗದಲ್ಲಿ ಟಿವಿಯಲ್ಲಿ ಎಲ್ಲರೂ ಕಂಡಿದ್ದ ಒಂದು ಘಟನೆಯ ವಿಡಿಯೋವನ್ನೇ ತೋರಿಸಿದರು. ಕಣ್ಣಾರೆ ಕಂಡರೂ ವರದಿಯ ಕ್ರಿಯಾಪದ ಬದಲಾದಂತೆ ದಂಡದ ಮೊತ್ತ ಬದಲಾಯಿತು. ನನಗೆ ಹೆದರಿಕೆ ಹುಟ್ಟಿಸಿದ್ದು ಇದೇ.

ಎಲ್ಲ ಪ್ರಯೋಗವೂ ನಿಲ್ಲುವುದಿಲ್ಲ, ಅದನ್ನೂ ಹೇಳಬೇಕು. ‘ಮತ ಹಾಕುವುದು’ ಅನ್ನುವ ಬದಲು ‘ಮತದಾರರಾಗುವುದು’ ಅಂದರೆ ಮತಗಟ್ಟೆಗೆ ಬರುವವರು ಹೆಚ್ಚುತ್ತಾರೆ ಎಂದು 2011ರಲ್ಲಿ ದೊಡ್ಡ ಸುದ್ದಿಯಾಗಿತ್ತು. 2016ರಲ್ಲಿ ಬೇರೆ ತಂಡ ಇನ್ನೂ ಜಾಸ್ತಿ ಜನರ ಮೇಲೆ ಮಾಡಿ ನೋಡಿದಾಗ ಆ ಪರಿಣಾಮ ಕಾಣಲಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ಸಾಕ್ಷಿ ಗಟ್ಟಿ. ಅಮೆರಿಕದ ಸಮೀಕ್ಷೆಗಳಲ್ಲಿ ‘ಬಡವರ ನೆರವಿಗೆ’ ಸರ್ಕಾರ ಮಾಡುವ ಖರ್ಚು ಸಾಲದು ಅನ್ನುವವರು ಮೂರರಲ್ಲಿ ಎರಡು ಪಾಲಿನ ಹತ್ತಿರ. ಅದನ್ನೇ ‘ವೆಲ್ಫೇರ್’ ಅಂತ ಕರೆದರೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತಾರೆ. 1989ರಲ್ಲಿ ಕೆನೆತ್ ರಾಸಿನ್ಸ್ಕಿ ತೋರಿಸಿದ ಸಂಗತಿ ಇದು.

ನಮ್ಮ ಸಕಲೇಶಪುರದ್ದೇ ನೋಡಿ, ನೇತ್ರಾವತಿಗೆ ಸೇರುವ ಹಳ್ಳಗಳ ನೀರನ್ನು ಪೂರ್ವದ ಬರದ ಜಿಲ್ಲೆಗಳಿಗೆ ಒಯ್ಯುವ ಯೋಜನೆ. ಕಾಗದದಲ್ಲಿ ಅದು ‘ಎತ್ತಿನಹೊಳೆ ಸಮಗ್ರ ಕುಡಿಯುವ ನೀರಿನ ಯೋಜನೆ’. ಕುಡಿಯುವ ನೀರು ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತೆ? 24.01 ಟಿಎಂಸಿಯಲ್ಲಿ ಸುಮಾರು 14 ಕುಡಿಯಲು, ಉಳಿದ ಹತ್ತು ಕೆರೆ ತುಂಬಿಸಲು. ಕುಡಿಯುವ ನೀರಿನ ಯೋಜನೆ ಆದ್ದರಿಂದ 2006ರ ಅಧಿಸೂಚನೆಯ ಪ್ರಕಾರ ಪರಿಸರ ಪೂರ್ವಾನುಮತಿ ಬೇಕಿಲ್ಲ ಎಂದು ಸರ್ಕಾರ ವಾದಿಸಿತು. ಇಲ್ಲಿ ಹೆಸರು ಬರೀ ಮನಸ್ಸನ್ನಲ್ಲ, ಕಡತ ಹೋಗುವ ದಾರಿಯನ್ನೇ ಬದಲಿಸಿತು. ಘಾಟಿಯ ಕೆಳಗಿನವರು ಅದನ್ನೇ ‘ನೇತ್ರಾವತಿ ತಿರುವು’ ಅಂದರು. ಅದೂ ಅಮಾಯಕ ಹೆಸರೇನಲ್ಲ.

ಕಾಫಿ ಸೀಮೆಯಲ್ಲಿ ಇನ್ನೊಂದು ಜೋಡಿ ಇದೆ. ಸರ್ಕಾರಿ ಜಾಗದಲ್ಲಿ ಗಿಡ ನೆಟ್ಟವರು ಬೆಂಗಳೂರಿನ ಸಭೆಯಲ್ಲಿ ‘ಒತ್ತುವರಿದಾರರು’, ಮೂಡಿಗೆರೆಯ ವೇದಿಕೆಯಲ್ಲಿ ‘ಸಾಗುವಳಿದಾರರು’. ಎಷ್ಟೋ ಸಲ ಎರಡೂ ಕಡೆ ಮಾತಾಡುವುದು ಒಂದೇ ಪಕ್ಷದವರು.