ಗೇಣುದ್ದ ನೀರಿನ ಅಂಚಿನಲ್ಲಿ

ಕಾರ್ತಿಕ ಮುಗಿಯುತ್ತಾ ಬಂದಿತ್ತು. ಬೆಳಿಗ್ಗೆ ಆರೂಕಾಲಕ್ಕೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಹತ್ತಿದಾಗ ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಹಿಂಗಾರು ಚೆನ್ನಾಗಿ ಆಗಿ ಕೆರೆ ತುಂಬಿತ್ತು. ವಾಕಿಂಗ್ ಬಂದಿದ್ದ ಒಬ್ಬರು ನನ್ನ ಬೈನಾಕ್ಯುಲರ್ ನೋಡಿ, "ಈ ಸಲ ನೀರು ಜೋರಾಗಿದೆ, ಹಕ್ಕಿಗಳೂ ಜಾಸ್ತಿ ಬರುತ್ತವೆ ಬಿಡಿ" ಎಂದರು. ನಾನೂ ತುಂಬಾ ವರ್ಷ ಹಾಗೇ ನಂಬಿದ್ದೆ. ನೀರು ಹೆಚ್ಚಿದ್ದರೆ ಹಕ್ಕಿಯೂ ಹೆಚ್ಚು, ಅಲ್ವಾ?

ಕೆರೆಯನ್ನೊಮ್ಮೆ ಸುತ್ತಿ ಬಂದೆ. ನಡುನೀರಿನಲ್ಲಿ ಹೆಜ್ಜಾರ್ಲೆಗಳು ತೇಲುತ್ತಿದ್ದವು. ನೀರುಕಾಗೆಗಳು ಮುಳುಗಿ ಎದ್ದು, ಒಣಕೊಂಬೆಯ ಮೇಲೆ ರೆಕ್ಕೆ ಹರಡಿ ಕೂತಿದ್ದವು. ಗುಳುಮುಳುಕ ಹೆಸರಿಗೆ ತಕ್ಕಂತೆ ಇದ್ದಕ್ಕಿದ್ದಂತೆ ಮಾಯವಾಗುತ್ತಿತ್ತು. ಇವೆಲ್ಲ ತೇಲುವ, ಮುಳುಗುವ ಹಕ್ಕಿಗಳು. ನಡೆದು ಮೇಯುವ ಹಕ್ಕಿ ಒಂದೂ ಸಿಗಲಿಲ್ಲ. ಅವುಗಳಿಗೆ ಅಲ್ಲಿ ಕಾಲೂರುವ ಜಾಗವೇ ಇರಲಿಲ್ಲ.

ಅಲ್ಲಿಂದ ರಂಗನತಿಟ್ಟಿಗೆ ಹೋದೆ. ಕಾವೇರಿಗೆ ಕಟ್ಟಿದ ಹಳೆಯ ಕಟ್ಟೆಯಿಂದ ಮೂಡಿದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಯಿತು. ಇಲ್ಲಿ ಗೂಡುಗಳ ಗಲಾಟೆ ಜೋರಾಗಲು ಇನ್ನೂ ತಿಂಗಳುಗಳಿದ್ದವು. ಆದರೆ ನನಗೆ ಬೇಕಿದ್ದವನು ಸಿಕ್ಕಿದ. ನೀರು ತಾಗುವ ಬಂಡೆಯ ಮೇಲೆ ಹಳದಿ ಹೊಟ್ಟೆಯ ಬೂದು ಸಿಪಿಲೆ, ಬಾಲ ಕುಣಿಸುತ್ತಾ ಓಡಾಡುತ್ತಿತ್ತು. ಹಿಮಾಲಯ ಮತ್ತು ಅದರಾಚೆಯ ಹಳ್ಳಗಳಲ್ಲಿ ಮರಿ ಮಾಡಿ, ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ಬರುವ ಹಕ್ಕಿ ಇದು. ಅಷ್ಟು ದೊಡ್ಡ ಹೊಳೆಯಲ್ಲಿ ಅದು ಮೇಯುತ್ತಿದ್ದುದು ಬಂಡೆ ಮತ್ತು ನೀರು ಸೇರುವ ಬೆರಳಗಲದ ಒದ್ದೆ ಜಾಗದಲ್ಲಿ.

ಮಧ್ಯಾಹ್ನ ಊಟ ಮುಗಿಸಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬಂದೆ. ಮೈಸೂರು ಅರಸರ ಮನೆತನದ ಕಥೆ ಶುರುವಾಗುವ ಊರು ಇದು. ಈ ಕೆರೆಯ ಒಂದು ಮಗ್ಗುಲು ಇಳಿಜಾರಾಗಿ ಹೊಲಗಳ ಕಡೆ ಚಾಚಿಕೊಂಡಿದೆ. ನೀರು ಒಂದು ಗೇಣು ಇಳಿದರೂ ಸಾಕು, ಹತ್ತಾರು ಮಾರು ಕೆಸರು ಹೊರಗೆ ಬರುತ್ತದೆ. ಆ ಕೆಸರೇ ಇವತ್ತಿನ ನನ್ನ ಕಥೆ.

ಮಳೆಗಾಲದಲ್ಲಿ ಮುಳುಗಿದ ಹುಲ್ಲು, ದನಕುರಿಗಳ ಸಗಣಿ, ಹಿಕ್ಕೆ ಎಲ್ಲ ಅಲ್ಲಿ ಕೊಳೆತಿರುತ್ತವೆ. ಅದನ್ನು ತಿಂದು ಕೋಟ್ಯಂತರ ಹುಳುಗಳು ಬೆಳೆಯುತ್ತವೆ. ಒಂದು ಹಿಡಿ ಕೆಸರೆತ್ತಿ ಬೆರಳಲ್ಲಿ ಹರಡಿದೆ. ದಾರದೆಳೆಯಂಥ ಕೆಂಪು ಹುಳುಗಳು ನುಲಿದವು. ಸೊಳ್ಳೆಯಂತೆಯೇ ಕಾಣುವ, ಆದರೆ ಕಚ್ಚದ ಒಂದು ನೊಣದ ಮರಿಗಳು ಇವು. ಕೊಳೆಯುವ ಕೆಸರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಇರುವ ಚೂರನ್ನೂ ಬಿಡದೆ ಹಿಡಿದುಕೊಳ್ಳುವ ಹಿಮೋಗ್ಲೋಬಿನ್ ಈ ಹುಳುಗಳ ಮೈಯಲ್ಲಿದೆ. ಅದಕ್ಕೇ ಆ ಕೆಂಪು.

ಈ ಊಟಕ್ಕೆ ಪಂಕ್ತಿ ಕೂರುವುದು ಕಾಲಿನ ಉದ್ದ ನೋಡಿ. ಬರೀ ಒದ್ದೆ ಕೆಸರಿನ ಮೇಲೆ ಲಿಟಲ್ ಸ್ಟಿಂಟ್ ಓಡುತ್ತಿತ್ತು. ಗುಬ್ಬಿಯಷ್ಟೇ ತೂಕದ ಈ ಹಕ್ಕಿ ಬರುವುದು ಉತ್ತರ ಧ್ರುವದ ಪಕ್ಕದ ಬಯಲುಗಳಿಂದ. ಪಾದ ಮುಳುಗುವ ನೀರಿನಲ್ಲಿ ಗದ್ದೆಗೊರವ. ಅದರಾಚೆ, ಗೇಣುದ್ದದ ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ. ಇನ್ನೂ ಆಚೆ ಬಣ್ಣದ ಕೊಕ್ಕರೆ, ಅರ್ಧ ತೆರೆದ ಕೊಕ್ಕನ್ನು ನೀರಿನಲ್ಲಿ ಆಡಿಸುತ್ತಾ ಹೆಜ್ಜೆ ಹಾಕುತ್ತಿತ್ತು. ಅದು ಮೀನನ್ನು ಕಣ್ಣಿಂದ ಹುಡುಕುವುದಿಲ್ಲ. ಮೀನು ಕೊಕ್ಕಿಗೆ ತಾಗಿದ ಕ್ಷಣ ಕೊಕ್ಕು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಕಲಕಿದ ನೀರಾದರೂ ಅದಕ್ಕೆ ತೊಂದರೆಯಿಲ್ಲ.

ಈ ಕಾಲದಲ್ಲಿ ಹಕ್ಕಿ ಗುರುತಿಸುವುದು ಸ್ವಲ್ಪ ಕಷ್ಟ. ಬಿಳಿಹುಬ್ಬಿನ ಬಾತುವಿನ ಗಂಡಿಗೆ ಆ ಬಿಳಿ ಹುಬ್ಬೇ ಇರುವುದಿಲ್ಲ. ಮರಿ ಮಾಡುವ ಕಾಲ ಮುಗಿದ ಮೇಲೆ ಬಣ್ಣದ ಗರಿ ಉದುರಿಸಿ, ಹೆಣ್ಣಿನ ಹಾಗೆ ಕಂದು ಉಡುಪು ತೊಟ್ಟು ಬಂದಿರುತ್ತದೆ. ಬಾಲದ ದೇವನಕ್ಕಿಗೂ ಈಗ ಆ ಉದ್ದ ಬಾಲವಿಲ್ಲ. ನನಗಂತೂ ಈ ಸಾದಾ ಉಡುಪಿನ ಹಕ್ಕಿಗಳೇ ಹೆಚ್ಚು ಇಷ್ಟ. ಬಣ್ಣದ ಮೇಲೆ ಕಣ್ಣು ನಿಲ್ಲದೆ, ಅವು ಏನು ಮಾಡುತ್ತಿವೆ ಅನ್ನುವ ಕಡೆ ಹೋಗುತ್ತದೆ.

ನಮ್ಮ ಮನೆ ಹತ್ತಿರವೂ ಇಂಥದೇ ಇಳಿಜಾರಿನ ಕೆರೆಯೊಂದಿತ್ತು. ಅಭಿವೃದ್ಧಿ ಮಾಡುತ್ತೇವೆಂದು ಹೂಳೆತ್ತಿ ಬಾಣಲೆಯ ಹಾಗೆ ತೋಡಿದರು. ಸುತ್ತ ನೆಟ್ಟಗೆ ಕಲ್ಲು ಕಟ್ಟಿದರು. ಈಗ ವರ್ಷವಿಡೀ ನೀರು ಫಳಫಳ ಹೊಳೆಯುತ್ತದೆ. ನೀರುಕಾಗೆಗಳಿವೆ. ಗೊರವಗಳು ಆಮೇಲೆ ಒಂದು ಚಳಿಗಾಲವೂ ಬರಲಿಲ್ಲ. ಹೂಳು ತೆಗೆಯಬಾರದು ಅಂತಲ್ಲ. ಒಂದು ದಡವನ್ನಾದರೂ ದನ ಇಳಿಯುವಷ್ಟು ಇಳಿಜಾರಾಗಿ ಬಿಟ್ಟಿದ್ದರೆ ಸಾಕಿತ್ತು. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಬಿಸಿಲು ಇಳಿಯುವಾಗ ಕುರಿ ಮೇಯಿಸುತ್ತಿದ್ದ ಅಜ್ಜ ಬಂದು ಪಕ್ಕ ಕೂತರು. "ಬಾತು ನೋಡಕ್ಕ ಬಂದ್ರಾ ಸಾ? ನೀರು ಇನ್ನೂ ಇಳೀಬೇಕು. ಆಗ ಬತ್ತವೆ ನೋಡಿ, ಹಿಂಡು ಹಿಂಡು" ಎಂದರು. ಅವರು ಹೇಳಿದ್ದು ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ. ಆ ದಿನ ಬಂದಿದ್ದು ಮೊದಲ ಪುಟ್ಟ ಗುಂಪು. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ದಡದಲ್ಲಿ ನಿಂತು ಗರಿ ಸರಿಮಾಡಿಕೊಳ್ಳುತ್ತಿದ್ದವು.

ಟಿಬೆಟ್, ಮಂಗೋಲಿಯಾಗಳಲ್ಲಿ ಮರಿ ಮಾಡುವ ಹಕ್ಕಿಗಳಿವು. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿದ ಕೆಲವು ಮೈಸೂರು ಸೀಮೆಯ ಕೆರೆಗಳಲ್ಲಿ ಸಿಕ್ಕಿವೆ. ಇವುಗಳಿಗೆ ಉಪಕರಣ ಕಟ್ಟಿ ನೋಡಿದಾಗ ಹಿಮಾಲಯದ ಮೇಲೆ 7,000 ಮೀಟರ್‌ಗೂ ಮೀರಿ ಹಾರಿದ್ದು ದಾಖಲಾಗಿದೆ. ಆದರೆ ಬಹುಪಾಲು ದಾರಿ ಅವು ಅಷ್ಟು ಎತ್ತರದಲ್ಲಿ ಹಾರುವುದಿಲ್ಲ. ಬೆಟ್ಟ ಏರಿದಲ್ಲಿ ಏರುತ್ತಾ, ಕಣಿವೆ ಬಂದಲ್ಲಿ ಇಳಿಯುತ್ತಾ, ನೆಲವನ್ನು ಅನುಸರಿಸಿ ಸಾಗುತ್ತವೆ. 5,500 ಮೀಟರ್ ಎತ್ತರದಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಅಲ್ಲಿ ರೆಕ್ಕೆ ಬಡಿಯುತ್ತಲೇ ಇರಬೇಕೆಂದರೆ ದೊಡ್ಡ ಶ್ವಾಸಕೋಶದ ಜೊತೆಗೆ, ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಬೇಕು. ಈ ಹೆಬ್ಬಾತುವಿನ ರಕ್ತದಲ್ಲಿ ಅದಿದೆ.

ನನ್ನ ಬೆರಳಲ್ಲಿ ನುಲಿದ ಕೆಂಪು ಹುಳುವಿನ ಉಪಾಯವೂ ಅದೇ ತಾನೇ! ಒಂದು ಆಕಾಶದಲ್ಲಿ, ಒಂದು ಕೆಸರಿನಲ್ಲಿ. ಎರಡೂ ಉಸಿರಿನ ಬರದಲ್ಲಿ ಬದುಕಲು ಕಲಿತು, ಹದಿನಾರು ಕೆರೆಯ ಅಂಚಿನಲ್ಲಿ ನಾಲ್ಕು ಮಾರು ದೂರದಲ್ಲಿದ್ದವು.

ಕತ್ತಲಾಗುವ ಹೊತ್ತಿಗೆ ಹೆಬ್ಬಾತುಗಳು ಕೂಗುತ್ತಾ ಎದ್ದವು. ಹಗಲು ನೀರಿನ ಹತ್ತಿರ ಇದ್ದು ರಾತ್ರಿ ಹೊಲಗದ್ದೆಗಳಲ್ಲಿ ಮೇಯುವುದು ಅವುಗಳ ರೂಢಿ. ನಮ್ಮ ತಲೆಯ ಮೇಲೆಯೇ ಹಾದುಹೋದವು. ಅಜ್ಜ ಎದ್ದು ಟವೆಲ್ ಕೊಡವಿಕೊಂಡು, ಅವು ಹೋದ ದಿಕ್ಕಿಗೇ ನೋಡುತ್ತಾ ಹೇಳಿದರು: "ನಮ್ ಗದ್ದೆ ಕಡೀಕೇ ಹೊಂಟವು ಸಾ. ಹೋಗ್ಲಿ, ಅಷ್ಟು ದೂರದಿಂದ ಬಂದವೆ."