ಪ್ಫಂಟ್: ಬಾಟಲಿಯ ‘ಮೇಲೆ’ ಕೂತ ಠೇವಣಿ

ಜರ್ಮನಿಯಲ್ಲಿ ಪಾನೀಯ ಕೊಳ್ಳುವಾಗ ಬಾಟಲಿಗೆಂದು ಕಟ್ಟಿ, ಖಾಲಿ ಬಾಟಲಿ ಕೊಟ್ಟಾಗ ವಾಪಸು ಪಡೆಯುವ ಠೇವಣಿಗೆ ಜರ್ಮನ್ ಭಾಷೆಯಲ್ಲಿ ‘ದಸ್ ಪ್ಫಂಟ್’, ನಪುಂಸಕಲಿಂಗ. ಕೊನೆಯಲ್ಲಿ ಬರೆಯುವುದು ‘ಡ್’, ಉಚ್ಚರಿಸುವುದು ‘ಟ್’. ‘ಪ್ಫುಂಟ್’ ಬೇರೆ, ಅದು ಅರ್ಧ ಕಿಲೋ. ಪ್ಫಂಟ್‌ಗೆ ಗಿರವಿ ಎಂಬ ಅರ್ಥವೂ ಉಂಟು; ಗಿರವಿ ಅಂಗಡಿ ‘ಪ್ಫಂಟ್‌ಹೌಸ್’. ಗಿರವಿ ವಸ್ತುಗಳು ಹಲವಾದರೆ ‘ಪ್ಫೆಂಡರ್’. ಬಾಟಲಿ ಠೇವಣಿಗೆ ಆ ಬಹುವಚನ ಬೇಡ: ‘25 ಸೆಂಟ್ ಪ್ಫಂಟ್’ ಅಂದರೆ ಮುಗಿಯಿತು.

ತೊಡಕಿರುವುದು ‘ಮೇಲೆ’ ಎಂಬರ್ಥದ ‘ಔಫ್’ನಲ್ಲಿ. ಬಾಟಲಿಗೆ ಠೇವಣಿ ಇದೆಯೇ ಎಂದು ಕೇಳಲು ‘ಇಸ್ಟ್ ಡಾ ಪ್ಫಂಟ್ ದ್ರೌಫ್?’ ಎನ್ನುತ್ತಾರೆ. ‘ದ್ರೌಫ್’ ಎಂದರೆ ‘ಅದರ ಮೇಲೆ’. ನಮ್ಮ ಬಾಯಿಗೆ ಬರುವುದು ‘ಬಾಟಲಿಗೆ’, ಅವರಿಗೆ ಅದು ಬಾಟಲಿಯ ಮೇಲೆ. ಇಷ್ಟು ಒಪ್ಪಿಕೊಂಡ ಮೇಲೂ ವಿಭಕ್ತಿಯ ತಕರಾರು ಉಳಿಯುತ್ತದೆ. ಠೇವಣಿ ಇದೆ ಅನ್ನುವಾಗ ಡೇಟಿವ್ ವಿಭಕ್ತಿ, ಬಾಟಲಿಯ (‘ಫ್ಲಷೆ’) ಮುಂದೆ ‘ಡೇರ್’: ‘ಔಫ್ ಡೇರ್ ಫ್ಲಷೆ ಇಸ್ಟ್ ಪ್ಫಂಟ್’. ವಿಧಿಸುತ್ತಾರೆ ಅನ್ನುವಾಗ ಅಕ್ಯುಸೇಟಿವ್, ಆಗ ‘ಡೀ’: ‘ಔಫ್ ಡೀ ಫ್ಲಷೆ ವಿರ್ಟ್ ಪ್ಫಂಟ್ ಎರ್‌ಹೋಬನ್’. ಮೇಜಿನ ಮೇಲೆ ಪುಸ್ತಕ ಇರುವುದಕ್ಕೂ ಇಡುವುದಕ್ಕೂ ಕಲಿತ ನಿಯಮವೇ ಇದು, ಪುಸ್ತಕದ ಜಾಗದಲ್ಲಿ ದುಡ್ಡು. ನನ್ನ ಅಡ್ಡದಾರಿ ಇನ್ನೂ ಸುಲಭ: ‘ಪೆಟ್ರೋಲ್ ಮೇಲೆ ತೆರಿಗೆ ಹೇರಿದರು’ ಎಂದು ನಾವೂ ಹೇಳುತ್ತೇವಲ್ಲ? ‘ಹೇರು’ ಹೊಂದುವ ಕಡೆಯೆಲ್ಲ ‘ಡೀ’, ಬರೀ ‘ಇದೆ’ ಆದರೆ ‘ಡೇರ್’.

ಬೆಲೆಚೀಟಿಯಲ್ಲಿ ‘ತ್ಸೂತ್ಸ್ಯೂಗ್ಲಿಶ್ ಪ್ಫಂಟ್’ ಎಂದಿದ್ದರೆ ಠೇವಣಿ ಪ್ರತ್ಯೇಕ, ಬಿಲ್ಲಿನಲ್ಲಿ ಸೇರುತ್ತದೆ.

‘ಐನ್‌ವೇಗ್’ ಒಮ್ಮೆ ಬಳಸಿ ಬಿಸಾಡುವ ಬಾಟಲಿ ಅಥವಾ ಡಬ್ಬಿ: 25 ಸೆಂಟ್. ‘ಮೇರ್‌ವೇಗ್’ ತೊಳೆದು ಮತ್ತೆ ತುಂಬುವಂಥದ್ದು: ಮಾಮೂಲಿ ಬಿಯರ್ ಬಾಟಲಿಗೆ 8, ಮಿನರಲ್ ವಾಟರ್ ಬಾಟಲಿಗೆ ಸಾಮಾನ್ಯವಾಗಿ 15. ಹೆಸರಿನಲ್ಲಿ ‘ಮೇರ್’, ಅಂದರೆ ಹೆಚ್ಚು. ದುಡ್ಡು ಮಾತ್ರ ಕಮ್ಮಿ! ಐನ್‌ವೇಗ್ ಠೇವಣಿ 2003ರಲ್ಲಿ ಜಾರಿಗೆ ಬಂದ ಕಾನೂನಿನದು, ಮೇರ್‌ವೇಗ್‌ನದು ಉದ್ಯಮ ತಾನೇ ಇಟ್ಟುಕೊಂಡ ದರ. ಅರ್ಧ ಲೀಟರಿನ 20 ಬಿಯರ್ ಬಾಟಲಿಗಳ ಕ್ರೇಟಿಗೆ 3.10 ಯೂರೋ: ಬಾಟಲಿಗಳದ್ದು 1.60, ಖಾಲಿ ಕ್ರೇಟಿನದ್ದು 1.50. ವೈನ್ ಗಾಜಿನ ಬಾಟಲಿಗೆ ಸಾಮಾನ್ಯವಾಗಿ ಠೇವಣಿಯೇ ಇಲ್ಲ. ಪ್ಲಾಸ್ಟಿಕ್ ಬಾಟಲಿಯ ಹಾಲಿಗೆ 2024ರಿಂದ ಬಂದಿದೆ.

ವಾಪಸು ಕೊಡುವುದು ಅಂಗಡಿಯ ‘ಪ್ಫಂಟ್‌ಆಟೋಮಾಟ್’ ಯಂತ್ರಕ್ಕೆ. ಬಾಟಲಿ ಜಜ್ಜಬೇಡಿ, ಬಾರ್‌ಕೋಡ್ ಓದಿಸಬೇಕು. ಕೊನೆಗೆ ಬರುವ ಚೀಟಿ ‘ಪ್ಫಂಟ್‌ಬೋನ್’, ಅದನ್ನು ಕ್ಯಾಶ್ ಕೌಂಟರಿನಲ್ಲಿ ಕೊಡಿ.

ಮಾತಿನಲ್ಲಿ ಪ್ಫಂಟ್ ಎಂದರೆ ದುಡ್ಡಷ್ಟೇ ಅಲ್ಲ, ಖಾಲಿ ಬಾಟಲಿಯೂ ಹೌದು: ‘ಇಷ್ ಮುಸ್ ನೋಹ್ ಪ್ಫಂಟ್ ವೆಗ್‌ಬ್ರಿಂಗನ್’, ಖಾಲಿ ಬಾಟಲಿ ಕೊಟ್ಟು ಬರಬೇಕು. ‘ಪ್ಫಂಟ್ ಗೆಹ್ಯೋರ್ಟ್ ಡಾನೇಬನ್’ ಎಂಬ ಅಭಿಯಾನದ ಘೋಷಣೆಯಲ್ಲೂ ಇದೇ ಅರ್ಥ: ಬಾಟಲಿ ಕಸದ ತೊಟ್ಟಿಯ ಪಕ್ಕಕ್ಕಿರಲಿ, ಆಯುವವರು ಒಳಗೆ ಕೈಹಾಕುವಂತಾಗದಿರಲಿ.